ಮುಚ್ಚಿದ್ದು ಆರು, ಸತ್ತದ್ದು ಮೂರು

ನಗಬೇಡಿ, ಇದು ನಡೆದದ್ದೇ. ನಮ್ಮ ಆಸ್ಪತ್ರೆಯಲ್ಲಿ ಸೋಮವಾರದಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಒಂದು ಕೊಲೆ. ಸಾಯುತ್ತಿದ್ದುದು ರಕ್ತ ಪರೀಕ್ಷಿಸುವ ಲ್ಯಾಬಿನ ನೆಟ್‌ವರ್ಕ್.

ಬುಧವಾರ ನೆಟ್‌ವರ್ಕ್ ನೋಡಿಕೊಳ್ಳುವ ಅಕ್ಕ ನಮ್ಮ ಟೆಲಿಫೋನ್ ಕೋಣೆಗೆ ಬಂದು ಸ್ಟೂಲಿನ ಮೇಲೆ ಕುಸಿದಳು.

"ಮಾವ, ಸಂಜೆಯೊಳಗೆ ನನ್ನ ಕೆಲಸ ಹೋಗುತ್ತೆ. ಎಲ್ಲರ ನೆಟ್‌ವರ್ಕ್ ವೈರೂ ಬಂದು ಸೇರೋ ಸ್ವಿಚ್ ಪೆಟ್ಟಿಗೆ ಇರೋ ಬೀರುವಿನ ಬೀಗದ ಕೈ ನನ್ನ ಹತ್ರ ಮಾತ್ರ ಇದೆಯಲ್ಲ, ವೈರು ಕೀಳೋಳು ನಾನೇ ಅಂತೆ. ನಾನೇನೂ ಕಿತ್ತಿಲ್ಲ. ಏನು ಮಾಡ್ಲಿ, ಕೈಕಾಲೇ ಆಡ್ತಿಲ್ಲ."

ಮಾವ ಅಂದರೆ ನಮ್ಮ ಟೆಲಿಫೋನ್ ಆಪರೇಟರ್. ಆಸ್ಪತ್ರೆಯಲ್ಲಿ ಏನು ಕಳೆದರೂ ಹುಡುಕಿಕೊಡುವವರು. ನಾನು ಅವರ ಸಹಾಯಕ.

"ಒಂಬತ್ತಕ್ಕೆ ನೀನೇನು ಮಾಡ್ತೀಯಮ್ಮ?" ಮಾವ ಕೇಳಿದರು.

"ಸ್ವಿಚ್ಚಲ್ಲಿ ವೈರು ಸಿಕ್ಕಿಸೋ ತೂತುಗಳಿವೆಯಲ್ಲ, ಪೋರ್ಟು, ಅದ್ರಲ್ಲಿ ಖಾಲಿ ಇರೋದನ್ನ ದಿನಾ ಮುಚ್ತೀನಿ, ನಿಯಮ ಅದು. ಎಂಟರಲ್ಲಿ ಆರನೇದೊಂದೇ ಖಾಲಿ. ಕಂಪ್ಯೂಟರಲ್ಲಿ ಆರು ಅಂತ ಒತ್ತಿ ಮುಚ್ಚೋದು. ಲ್ಯಾಬಿನ ವೈರು ಮೂರರಲ್ಲಿದೆ! ಅವರು ಕೂಗಾಡಿದ ಮೇಲೆ ಸ್ವಿಚ್ ಆರಿಸಿ ಹಾಕಿದ್ರೆ ಸರಿಹೋಗುತ್ತೆ."

"ಸೋಮವಾರ ಏನು ಬದಲಾಯ್ತು?"

"ಹೊಸ ಫರ್ಮ್‌ವೇರ್ ಹಾಕಿದ್ವಿ, ಸ್ವಿಚ್ಚನ್ನ ಒಳಗಿಂದ ನಡೆಸೋ ಪ್ರೋಗ್ರಾಂ, ಯಾರು ಬೇಕಾದ್ರೂ ತಿದ್ದಬಹುದಾದ್ದು. ಅದ್ರಲ್ಲಿ ನಮ್ಮ ಸ್ವಿಚ್ಚಿನ ಮಾದರಿಗೆ ಪೋರ್ಟುಗಳ ಪಟ್ಟಿಯ ಫೈಲ್ ಇರ್ಲಿಲ್ಲ. ಇದರ ತಮ್ಮನಂಥ ಇನ್ನೊಂದು ಸ್ವಿಚ್ಚಿನದು ಇತ್ತು. 'ನೋಡೋಕೆ ಒಂದೇ ಥರ ಇವೆ, ಹಾಕು' ಅಂದ್ರು."

"ಯಾರಂದಿದ್ದು?"

"ಅದು ಬೇಡ ಬಿಡಿ ಮಾವ," ಎಂದು ಅಕ್ಕ ಎದ್ದಳು.

ನಾಲ್ಕಕ್ಕೆ ನಿರ್ದೇಶಕರ ಕೋಣೆಯಲ್ಲಿ ಲ್ಯಾಬಿನ ಮೇಡಂ, ಅಕ್ಕ, ಮಾವ, ನಾನು ಎಲ್ಲರೂ ಸೇರಿದೆವು. ಅಕ್ಕನನ್ನು ಕೆಲಸದಿಂದ ತೆಗೆಯುವ ಪತ್ರ ಪರದೆಯ ಮೇಲೆ ಸಿದ್ಧವಾಗಿತ್ತು.

"ಕಳಿಸೋ ಮುಂಚೆ ಒಂದನೇ ಪೋರ್ಟು ಮುಚ್ಚಿ ಸರ್," ಎಂದರು ಮಾವ. "ಅದು ನಮ್ಮ ಟೆಲಿಫೋನ್ ಕೋಣೆದು. ಸತ್ರೆ ನಾವೇ ಸಾಯ್ತೀವಿ."

ಅಕ್ಕ ತೋರಿಸಿದ ಕಡೆ ನಿರ್ದೇಶಕರು ಒಂದು ಅಂತ ಒತ್ತಿದರು. ಆಮೇಲೆ ಪತ್ರ ಕಳಿಸಲು ಹೋದರು. ಪರದೆಯ ಮೇಲಿನ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು.

"ಏನ್ರೀ ಇದು?"

"ತಾವು ಎಂಟರಲ್ಲಿದ್ದೀರಿ ಸರ್. ತಮ್ಮನ್ನು ತಾವೇ ಮುಚ್ಕೊಂಡ್ರಿ!" ಮಾವ ಬಿಡಿಸಿ ಹೇಳಿದರು. "ಪೆಟ್ಟಿಗೆ ಮೇಲೆ ಎಡದಿಂದ ಒಂದು, ಎರಡು ಅಂತ ಅಚ್ಚಾಗಿದೆ. ನಮ್ಮ ಪೆಟ್ಟಿಗೆ ಒಳಗಿನ ಚಿಪ್ ಬಲದಿಂದ ಎಣಿಸುತ್ತೆ. ಹಳೆ ಫರ್ಮ್‌ವೇರ್ ಅದನ್ನ ತಿರುಗಿಸಿ ತೋರಿಸ್ತಿತ್ತು. ತಮ್ಮನಂಥ ಆ ಇನ್ನೊಂದು ಸ್ವಿಚ್ಚಿನ ಚಿಪ್ ಎಡದಿಂದಲೇ ಎಣಿಸುತ್ತೆ, ಅದರ ಫೈಲಿಗೆ ತಿರುಗಿಸೋದು ಬೇಕಿಲ್ಲ. ಅದನ್ನ ಇಲ್ಲಿ ಹಾಕಿದ್ರೆ ಒಂದು ಅಂದ್ರೆ ಎಂಟು, ಆರು ಅಂದ್ರೆ ಮೂರು. ಈ ಹುಡುಗಿ ನಿಯಮ ಪಾಲಿಸಿದಾಗೆಲ್ಲ ಲ್ಯಾಬ್ ಸತ್ತಿದೆ. ಫೈಲಲ್ಲಿ ಪೋರ್ಟಿನ ಸಾಲು ತಿರುಗಿಸಿ ಬರೆದ್ರೆ ಮುಗೀತು."

"ಆ ಫೈಲ್ ಹಾಕು ಅಂದೋರು ಯಾರು?" ಲ್ಯಾಬಿನ ಮೇಡಂ ಗುಡುಗಿದರು.

ನಿರ್ದೇಶಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ನಾನೇ," ಎಂದರು ಮೆಲ್ಲಗೆ. "ಮೊದಲು ನನ್ನ ಪೋರ್ಟು ತೆಗೆಯೋದು ಹೇಗಮ್ಮ?"

"ಇಲ್ಲಿಂದ ಆಗಲ್ಲ ಸರ್. ಬೀರು ತೆಗೆದು ಸ್ವಿಚ್ ಆರಿಸಿ ಹಾಕಬೇಕು. ಬೀಗದ ಕೈ ನನ್ನ ಹತ್ರ ಮಾತ್ರ ಇದೆ."

ಅವರು ಸುತ್ತುತ್ತಿದ್ದ ಚಕ್ರವನ್ನೂ ಅದರ ಹಿಂದಿನ ಪತ್ರವನ್ನೂ ನೋಡಿದರು. "ಇವಳನ್ನ ತೆಗೆಯೋ ಕಾಗದ ಕಳಿಸೋಕೂ ಇವಳೇ ಬೇಕಲ್ರಯ್ಯಾ!" ಎಂದು ಮೇಜು ಬಡಿದು ನಗತೊಡಗಿದರು. ನಾವೂ ನಕ್ಕೆವು. ಆದರೆ ನಿರ್ದೇಶಕರ ಆ ನಗುವಿನ ಅಬ್ಬರಕ್ಕೆ ನಾವು ಯಾರೂ ಸಾಟಿಯಾಗಲಿಲ್ಲ.