ಅಜ್ಜನ ಡಿಎನ್‌ಎಸ್ ಚೀಟಿ

“ಮುಟ್ಟಿದ್ದು ನೀನೇ! ಒಪ್ಕೋ!”

ಅಣ್ಣ ರೂಟರಿನ ಮುಂದೆ ಕಾವಲುಗಾರನಂತೆ ನಿಂತಿದ್ದ. ರೂಟರಿನ ಹಸಿರು ದೀಪಗಳೆಲ್ಲ ಉರಿಯುತ್ತಿದ್ದವು. ಆದರೂ ಕಂಪ್ಯೂಟರಿನಲ್ಲಿ ಒಂದು ಪುಟವೂ ತೆರೆಯುತ್ತಿರಲಿಲ್ಲ. ಆರು ಗಂಟೆಗೆ ಅವನ ಆನ್‌ಲೈನ್ ಕ್ವಿಜ್ ಫೈನಲ್. ಗಡಿಯಾರ ಐದೂವರೆ ದಾಟಿತ್ತು.

“ನಾನು ಮುಟ್ಟೇ ಇಲ್ಲ,” ಎಂದಳು ಚೂಟಿ.

“ಮತ್ತೆ ಸ್ಕೂಲಿಂದ ಬಂದ ತಕ್ಷಣ ಗೇಮ್ ಹಾಕ್ಕೊಂಡು ಕೂತಿದ್ದು ಯಾರು? ಪಕ್ಕದ ಮನೆ ಬೆಕ್ಕಾ?”

“ಗೇಮ್ ಓಪನ್ನೇ ಆಗ್ಲಿಲ್ಲ! ನಾನು ಬರೋಕೆ ಮೊದಲೇ ಕೆಟ್ಟಿತ್ತು.”

ಸಾಕ್ಷಿಯಿಲ್ಲ, ವಿಚಾರಣೆಯಿಲ್ಲ, ತೀರ್ಪು ಮಾತ್ರ ಸಿದ್ಧ! ಐದನೆಯ ತರಗತಿಯವರು ಹತ್ತನೆಯ ತರಗತಿಯವರ ಮುಂದೆ ಯಾವಾಗಲೂ ಅಪರಾಧಿಗಳೇ ಏಕಾಗಬೇಕು? ಈ ಪ್ರಶ್ನೆಗೆ ಯಾವ ಅಣ್ಣನೂ ಇದುವರೆಗೆ ಉತ್ತರ ಕೊಟ್ಟಿಲ್ಲ.

“ಕಿರುಚಬೇಡಿ!” ಅಡುಗೆಮನೆಯಿಂದ ಅಮ್ಮನ ದನಿ ಬಂತು. “ಯಾರು ಕೆಡಿಸಿದ್ದಾರೋ ಅವರಿಗೆ ಒಂದು ವಾರ ಇಂಟರ್ನೆಟ್ ಬಂದ್!”

ಅಣ್ಣ ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದ. ಅದು ಥಟ್ಟನೆ ಬಂತು.

“ಇದೊಂದು ಮಾತ್ರ ಹೇಗೆ ಓಪನ್ ಆಯ್ತು?”

“ಇದಕ್ಕೆ ಹೆಸರಲ್ಲ ದಡ್ಡಿ, ನಂಬರ್ ಹಾಕಿದೀನಿ. ಹೆಸರು ಹಾಕಿದ್ರೆ ಡಿಎನ್‌ಎಸ್ ಬೇಕು. ಯಾವ ಹೆಸರಿಗೆ ಯಾವ ನಂಬರ್ ಅಂತ ಹುಡುಕಿ ಕೊಡೋದು ಅದೇ.”

“ಹಾಗಾದ್ರೆ ಹುಡುಕಿ ಕೊಡೋದೇ ಕಳೆದುಹೋಗಿರ್ಬೇಕು.”

“ಡಿಎನ್‌ಎಸ್ ಸರಿಯಾಗೇ ಇದೆ. ಬೆಳಗ್ಗೆ ಇಂಟರ್ನೆಟ್ ಆಫೀಸಿನವರು ಫೋನಲ್ಲಿ ಹೊಸ ನಂಬರ್ ಹೇಳಿದ್ರು. ಅಜ್ಜ ಈ ಚೀಟೀಲಿ ಬರ್ಕೊಂಡ್ರು, ನಾನು ಹಾಕಿದೆ. ನೋಡು: ಹತ್ತು, ಎಂಟು, ಎಂಟು, ಹತ್ತು.”

ಚೂಟಿ ಚೀಟಿಯನ್ನು ಕೈಗೆತ್ತಿಕೊಂಡಳು. ಅಜ್ಜ ನಲವತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವರು. ಕನ್ನಡ ಅಂಕಿಯನ್ನಲ್ಲದೆ ಬೇರೆ ಅಂಕಿ ಬರೆಯುವುದಿಲ್ಲವೆಂಬುದು ಅವರ ಹಟ. ಅವರು ಕೈಯಾರೆ ಬರೆದು ತೂಗುಹಾಕುವ ಕ್ಯಾಲೆಂಡರಿನಲ್ಲಿ ದಿನವೂ ಗೀಟು ಎಳೆಯುವವಳು ಚೂಟಿಯೇ. ಅಣ್ಣನಿಗೆ ಅದರಲ್ಲಿ ಒಂದು, ಸೊನ್ನೆ ಗೊತ್ತು. ಉಳಿದದ್ದೆಲ್ಲ ಅಂದಾಜು.

ಚೀಟಿಯಲ್ಲಿದ್ದದ್ದು: ೧೦.೪.೪.೧೦

“ಅಣ್ಣಾ, ಇದು ನಾಲ್ಕು!”

“ಎಂಟೇ ಅದು! ಕೆಳಗೆ ದುಂಡಗೆ ಸುತ್ತಿದೆ ನೋಡು.”

“ಮೇಲೆ ಬಾಯಿ ತೆರೆದಿದೆಯಲ್ಲ!”

“ಬಾಯಿ ಬಿಟ್ಕೊಂಡಿದ್ರೆ ನಾಲ್ಕು ಕಣಪ್ಪಾ!” ಹೊರಗಿನ ಕೋಣೆಯಿಂದ ಅಜ್ಜ ಕೂಗಿದರು. “ನಮ್ಮ ಎಂಟಕ್ಕೆ ಹೊಟ್ಟೇನೇ ಇಲ್ಲ!”

ಅಣ್ಣ ಎರಡು ಎಂಟುಗಳನ್ನು ಅಳಿಸಿದ. ಎರಡು ನಾಲ್ಕುಗಳನ್ನು ಒತ್ತಿ, ಸೇವ್ ಮಾಡಿದ. ಕ್ವಿಜ್ ಪುಟ ತೆರೆದುಕೊಂಡಿತು. ಅವನ ಕಿವಿಗಳೆರಡೂ ಕೆಂಪಾಗಿದ್ದವು.

‘ಕ್ವಿಜ್ ಮಹಾರಾಜರಿಗೆ ನಾಲ್ಕೂ ಗೊತ್ತಿಲ್ಲ!’ ಮಾತು ಚೂಟಿಯ ನಾಲಿಗೆಯ ತುದಿಗೆ ಬಂದಿತ್ತು. ಆಗಲೇ ಅಮ್ಮ ಸೌಟು ಹಿಡಿದುಕೊಂಡು ಬಂದಳು.

“ಸರಿಯಾಯ್ತಾ? ಈಗ ಹೇಳಿ, ಇದು ಯಾರ ಕೆಲಸ?”

ಅಣ್ಣ ಕೀಲಿಮಣೆಯಿಂದ ಕೈ ತೆಗೆದ. ಅವನು ಚೂಟಿಯ ಕಡೆ ನೋಡಿದ. ಸ್ವಲ್ಪ ಹೊತ್ತಿನ ಹಿಂದೆ ತನ್ನ ಮುಖವೂ ಹೀಗೇ ಕಂಡಿರಬೇಕು ಎಂದು ಚೂಟಿಗೆ ಅನ್ನಿಸಿತು.

“ನಾಲ್ಕರ ಕೆಲಸ ಅಮ್ಮ,” ಎಂದಳು. “ಎಂಟರ ವೇಷ ಹಾಕ್ಕೊಂಡು ಕೂತಿತ್ತು.”

ಅಣ್ಣ ಅಮ್ಮನ ಕಡೆ ತಿರುಗಿದ. “ಟೈಪ್ ಮಾಡಿದ್ದು ನಾನೇ. ಇವಳು ಮುಟ್ಟೇ ಇಲ್ಲ.”

ಅಮ್ಮ ಗಡಿಯಾರ ನೋಡಿದಳು. “ಮೊದಲು ಕ್ವಿಜ್ ಮುಗಿಸು. ನಿನ್ನ ವಾರ ನಾಳೆಯಿಂದ.”

ನಾಲಿಗೆಯ ತುದಿಯಲ್ಲಿದ್ದ ಮಾತು ಎಲ್ಲಿ ಹೋಯಿತೆಂದು ಚೂಟಿ ಹುಡುಕಲಿಲ್ಲ.