ಔತಣದ ಚೀಲದಲ್ಲಿ ಬಂದ ಪೆನ್‌ಡ್ರೈವ್

ಮಾರ್ಚ್ 11, ಮಂಗಳವಾರ, ಬೆಳಗ್ಗೆ 10.20. ಕರಾಕೋಲ್ ಪಟ್ಟಣದ ಠಾಣೆಗೆ ಬಂದ ಜಿಪಾರಾ ಬೂಟಿನ ಹಿಮ ಒದರಿ, ಒಂದು ಹಾಳೆಯನ್ನು ಇನ್ಸ್‌ಪೆಕ್ಟರ್ ಸಗಿನ್ ಮುಂದಿಟ್ಟಳು. ರಾಜಧಾನಿ ಬಿಷ್ಕೆಕ್‌ನ ಕರಕುಶಲ ಪ್ರದರ್ಶನದವರಿಗೆ ಅವಳ ಮೇಲ್‌ನಿಂದ ಹೋದ ಪತ್ರ: 'ನಾನು ಸ್ಪರ್ಧೆಯಿಂದ ಹಿಂದೆ ಸರಿಯುತ್ತಿದ್ದೇನೆ.'

"ಇದನ್ನ ನಾನು ಬರೆದೇ ಇಲ್ಲ ಸಾರ್."

"ಮತ್ಯಾರು ಬರೆದ್ರು?"

"ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ಶಿರ್ದಾಕ್ ಉಣ್ಣೆಹಾಸುಗಳಿಗೆ ಅಂತ ಕಂಪ್ಯೂಟರಲ್ಲಿ ಬಿಡಿಸಿಟ್ಟ ಚಿತ್ರಗಳೂ ಇಲ್ಲ. ಶುಕ್ರವಾರ ಸಂಜೆ ಐದಕ್ಕೆ ಪಟ್ಟಿ ಮುಚ್ತಾರೆ. ಎರಡು ವರ್ಷದ ಕೆಲಸ."

ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಸಗಿನ್, ಕಂಪ್ಯೂಟರ್ ಬಲ್ಲ ಕಾನ್ಸ್‌ಟೇಬಲ್ ಚೊಲ್ಪೊನ್ ಜೊತೆ ಅವಳ ಮನೆಗೆ ಹೋದರು. ಗಂಡ ಗಣಿ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ. ಅಕ್ಕಪಕ್ಕದ ಇಬ್ಬರನ್ನು ಕರೆದು ಪಂಚನಾಮೆ ಶುರುವಾಯಿತು. ಚೊಲ್ಪೊನ್ ಮೊದಲು ಇಂಟರ್ನೆಟ್ ವೈರ್ ಕಿತ್ತಳು. ಆಮೇಲೆ ಡಿಸ್ಕಿನ ಪೂರ್ತಿ ನಕಲು ತೆಗೆದಳು. ಅಳಿಸಿದ ಫೈಲುಗಳ ಗುರುತೂ ಅದರಲ್ಲಿ ಉಳಿಯುತ್ತದೆ.

"ಅಕ್ಕ, ಮನೇಲಿ ಪ್ರಿಂಟರ್ ಇದೆಯಾ?"

"ಇಲ್ವಲ್ಲ."

"ಪ್ರಿಂಟರ್‌ಗೆ ಸಹಾಯ ಮಾಡೋ ಪ್ರೋಗ್ರಾಂ ಅಂತ ಹೆಸರಿಟ್ಕೊಂಡು ಇಲ್ಲಿ ಒಂದು ಕೂತಿದೆ. ಕಂಪ್ಯೂಟರ್ ಆನ್ ಆದ ಕೂಡ್ಲೇ ತಾನೂ ಏಳುತ್ತೆ. ಹಿಂಬಾಗಿಲು ತೆಗೆದಿಟ್ಟು ಹೊರಗಿನೋರನ್ನ ಒಳಗೆ ಬಿಡೋದೇ ಇದರ ಕೆಲಸ. ನೀವು ಬಿಡಿಸೋದನ್ನೆಲ್ಲ ಅವರು ಕೂತು ನೋಡಬಹುದು, ನಿಮ್ಮ ಹೆಸರಲ್ಲಿ ಪತ್ರಾನೂ ಬರೆಯಬಹುದು."

ಜಿಪಾರಾ ಕುರ್ಚಿಯನ್ನು ಕಂಪ್ಯೂಟರಿನಿಂದ ಹಿಂದಕ್ಕೆ ಎಳೆದುಕೊಂಡಳು. "ಹೋದ ವಾರ ರಿಪೇರಿಯವನು ವೈರಸ್ ತೆಗೆದೆ ಅಂದಿದ್ದ."

"ತೆಗೆದಿದ್ದಾನೆ. ಮತ್ತೆ ಬಂದಿದೆ. ಮೊದಲ ಸಲ ಹೊಕ್ಕಿದ್ದು ಫೆಬ್ರವರಿ 23, ಸಂಜೆ 6.10ಕ್ಕೆ."

"ಅವತ್ತು ಬುರುಲ್ ಮೊಮ್ಮಗನ ತೊಟ್ಟಿಲು ಶಾಸ್ತ್ರ," ಎಂದರು ಅತ್ತೆ. ಬುರುಲ್ ಅವರ ಹಿರಿಯ ಸೊಸೆ, ಜಿಪಾರಾಳ ವಾರಗಿತ್ತಿ. ಎರಡು ಬೀದಿ ಆಚೆ ಮನೆ.

"ಅಲ್ಲಿಂದ ಏನು ತಂದ್ರಿ?" ಎಂದು ಸಗಿನ್ ಅತ್ತೆಯನ್ನು ಕೇಳಿದರು.

"ಇನ್ನೇನು ತರ್ತಾರೆ? ಔತಣದ ಚೀಲ. ಕುರಿ ಮಾಂಸ, ಕರಿದ ಬೋರ್ಸೋಕ್ ರೊಟ್ಟಿ, ಮಿಠಾಯಿ. ಶಾಸ್ತ್ರದ ವಿಡಿಯೋ ಅಂತ ಒಂದು ಪೆನ್‌ಡ್ರೈವೂ ಇತ್ತು."

"ವಿಡಿಯೋ ನೋಡೋಕೆ ಇನ್ನೊಂದು ಪ್ರೋಗ್ರಾಂ ಹಾಕಿ ಅಂತ ಬಂತು," ಎಂದಳು ಜಿಪಾರಾ. "ಅಪಾಯ ಅಂತ ಆಂಟಿವೈರಸ್ ತಡೀತು. ನಾನೂ ಅನುಮಾನಪಟ್ಟೆ. ಅತ್ತೆ ಬಿಡಬೇಕಲ್ಲ."

"ಔತಣದ ಮನೆಯಿಂದ ಬಂದದ್ದನ್ನ ಯಾರಾದ್ರೂ ಬೇಡ ಅಂತಾರೇನೇ? ಮಾಂಸವಾದ್ರೂ ಅಷ್ಟೆ, ವಿಡಿಯೋ ಆದ್ರೂ ಅಷ್ಟೆ."

ಆಂಟಿವೈರಸ್ಸನ್ನೇ ಆಫ್ ಮಾಡಿ ಎಲ್ಲಕ್ಕೂ ಹೂಂ ಎಂದಿದ್ದರು. ರಿಪೇರಿಯಾದ ಮಾರನೇ ದಿನ ನೆಂಟರು ಬಂದಾಗ ಅದೇ ವಿಡಿಯೋ, ಅದೇ ಹೂಂ. ಪೆನ್‌ಡ್ರೈವಿನ ಮುಚ್ಚಳದೊಳಗೆ ಕುರಿಯ ಕೊಬ್ಬು ಇನ್ನೂ ಮೆತ್ತಿಕೊಂಡಿತ್ತು. ಸಗಿನ್ ಅದನ್ನು ಲಕೋಟೆಗೆ ಹಾಕಿ ಮೊಹರು ಮಾಡಿಸಿದರು.

ಅಂದಿನ ಔತಣಕ್ಕೆ ಹೋಗಿದ್ದ ಇತರ ಒಂಬತ್ತು ಮನೆಗಳಲ್ಲಿ ವಿಚಾರಿಸಲಾಯಿತು. ಮಾಂಸ ಎಲ್ಲರಿಗೂ ಸಿಕ್ಕಿತ್ತು; ಪೆನ್‌ಡ್ರೈವ್ ಯಾರಿಗೂ ಇಲ್ಲ. ಅದರ ಮೇಲಿದ್ದ ಅಂಗಡಿಯ ಬೆಲೆ ಚೀಟಿ ಹಿಡಿದು ಬುಧವಾರ ಮಧ್ಯಾಹ್ನ ಸಗಿನ್, ಚೊಲ್ಪೊನ್ ಇಬ್ಬರೂ ಬಜಾರಿನ ಒಂದು ಮೊಬೈಲ್ ಅಂಗಡಿಗೆ ಹೋದರು.

"ಇದರೊಳಗಿನ ಪ್ರೋಗ್ರಾಂ ಯಾರಿಗೆ ಕೊಟ್ಟೆ?"

"ಗಂಡನ ಮೇಲೆ ಕಣ್ಣಿಡೋಕೆ ಅಂದ್ರು ಸಾರ್. ತಿಂಗಳಿಗೆ ಹತ್ತು ಹೆಂಗಸರು ಬರ್ತಾರೆ."

"ಗಂಡಸರು?"

"ಇಪ್ಪತ್ತು."

"ನಿನ್ನ ಹೆಂಡ್ತಿ ಬಂದಿಲ್ವಾ?" ಎಂದಳು ಚೊಲ್ಪೊನ್.

ಅಂಗಡಿಯವನು ನಗಲಿಲ್ಲ. "ವಯಸ್ಸಾದಾಕೆ. ಬೆರಳ ತುಂಬ ಸೂಜಿ ಚುಚ್ಚಿದ ಗಾಯ. ಅವರ ಫೋನಲ್ಲೇ ಎಲ್ಲ ಕಾಣೋ ಹಾಗೆ ಮಾಡಿಕೊಟ್ಟೆ."

ಅವನ ಮೇಲೂ ಪ್ರಕರಣ ಬರೆದುಕೊಂಡರು.

ಗುರುವಾರ ಬೆಳಗ್ಗೆ 9.05. ಬುರುಲ್ ಅಂಗಳದಲ್ಲಿ ಉಣ್ಣೆಯ ಹಾಸು ಕತ್ತರಿಸುತ್ತಿದ್ದಳು: ಕಪ್ಪಿನ ಮೇಲೆ ಕೆಂಪು ಜೋಡಿಸಿ, ಎರಡನ್ನೂ ಒಂದೇ ಚಾಕುವಿನ ಗೆರೆಯಲ್ಲಿ. ಪೊಲೀಸರನ್ನು ಕಂಡು ಚಾಕು ಕೆಳಗಿಟ್ಟಳು. ಫೋನ್ ಕೇಳಿದಾಗ ತಕರಾರಿಲ್ಲದೆ ಕೊಟ್ಟಳು. ಅದರಲ್ಲಿ ಜಿಪಾರಾಳ ಚಿತ್ರಗಳೆಲ್ಲ ಇದ್ದವು.

"ಪತ್ರ ಬರೆದದ್ದು ನೀವಾ?"

"ಹೌದು."

"ಚಿತ್ರ ಅಳಿಸಿದ್ದು?"

"ಅದೂ ನಾನೇ. ಅಳಿಸೋಕೆ ಅಂತ ಹಾಕಿಸಿದ್ದಲ್ಲ ಸಾಹೇಬ್ರೆ. ಒಂದೊಂದು ಚಿತ್ರಾನ ಎರಡೇ ಸಂಜೇಲಿ ಬಿಡಿಸಿ ಮುಗಿಸ್ತಾಳಲ್ಲ, ಅದು ಹೇಗೆ ಅಂತ ನೋಡಬೇಕಿತ್ತು. ದಿನಾ ನೋಡ್ತಿದ್ದೆ. ನೋಡ್ತಾ ನೋಡ್ತಾ ಅನ್ನ ಸೇರದ ಹಾಗಾಯ್ತು."

"ಯಾಕೆ?"

"ಅವಳು ಬಿಡಿಸ್ತಾಳೆ. ಕತ್ತರಿಸೋದು ನಾನು, ಹೊಲಿಯೋದು ನಾನು. ಒಂದೇ ಸಲ ಕತ್ತರಿಸಿದ್ರೆ ಎರಡು ಹಾಸು ಹುಟ್ಟುತ್ತೆ, ಕಪ್ಪಲ್ಲಿ ಕೆಂಪು, ಕೆಂಪಲ್ಲಿ ಕಪ್ಪು. ಅವಳದು ಅಂತ ಒಂದನ್ನ ಅತ್ತೆ ಹಿರಿಯರು ಕೂರೋ ಕಡೆ ಹಾಕಿದ್ರು. ನಂದು ಬಾಗಿಲ ಹತ್ರ. ಬೂಟು ಅಲ್ಲಿ ಬಿಡ್ತಾರೆ. ಅದನ್ನೂ ನುಂಗಿಕೊಂಡೆ. ಆಮೇಲೆ ಪರದೆ ಮೇಲೆ ಅವಳು ಅರ್ಜಿ ತುಂಬೋದು ಕಂಡೆ. ತಯಾರಿಸಿದವರ ಹೆಸರು ಅಂತ ನಾಲ್ಕು ಗೆರೆ ಇತ್ತು. ತನ್ನದೊಂದೇ ಬರೆದಳು."

ಅನುಮತಿಯಿಲ್ಲದೆ ಕಂಪ್ಯೂಟರಿಗೆ ನುಗ್ಗಿದ ಆರೋಪದ ಮೇಲೆ 9.40ಕ್ಕೆ ಬಂಧನವಾಯಿತು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಚೊಲ್ಪೊನ್ ಜಿಪಾರಾಳ ಡಿಸ್ಕನ್ನು ಪೂರ್ತಿ ಅಳಿಸಿ, ಹೊಸದಾಗಿ ಎಲ್ಲ ಹಾಕಿದ್ದಳು. ಒಂದೊಂದೇ ಫೈಲು ಕಿತ್ತರೆ ಬೇರು ಎಲ್ಲಾದರೂ ಉಳಿಯುತ್ತದೆಂಬ ಭಯ ಅವಳಿಗೆ. ನಕಲಿನಿಂದ ಚಿತ್ರಗಳನ್ನಷ್ಟೇ ಪರೀಕ್ಷಿಸಿ ವಾಪಸು ತಂದಳು. ಪಾಸ್‌ವರ್ಡ್‌ಗಳನ್ನು ಠಾಣೆಯ ಕಂಪ್ಯೂಟರಿನಿಂದ ಬದಲಿಸಿದಳು. ಎಫ್‌ಐಆರ್ ಪ್ರತಿ ನೋಡಿದ ಪ್ರದರ್ಶನದವರು ಹೊಸ ಅರ್ಜಿಗೆ ಒಪ್ಪಿದರು.

ಜಿಪಾರಾ ಠಾಣೆಯಲ್ಲೇ ಕೂತು ಅರ್ಜಿ ತುಂಬಿದಳು. ಸಗಿನ್ ಹಿಂದೆ ನಿಂತು ನೋಡುತ್ತಿದ್ದರು.

"ಇನ್ನೂ ಮೂರು ಗೆರೆ ಖಾಲಿ ಇದೆಯಲ್ಲಮ್ಮ."

ಅವಳು ಕರ್ಸರನ್ನು ಎರಡನೇ ಗೆರೆಗೆ ತಂದಳು, ಮತ್ತೆ ಮೇಲಕ್ಕೊಯ್ದಳು.

"ಬಿಡಿಸಿದ್ದು ನಾನು ಸಾರ್. ಬುರುಲ್ ಅಕ್ಕನ ಹೆಸರು ಹಾಕಿದ್ರೆ ಹೊಲಿಗೆ ಚೆನ್ನಾಗಿದೆ ಅಂತಲೇ ಎಲ್ಲರೂ ಹೇಳೋದು. ನಮ್ಮತ್ತೆ ಇವತ್ತಿಗೂ ಮೊದಲು ಹೊಲಿಗೇನೇ ಮುಟ್ಟಿ ನೋಡೋದು."

3.40ಕ್ಕೆ ಅರ್ಜಿ ಹೋಯಿತು, ಒಂದೇ ಹೆಸರಿನಲ್ಲಿ.

ಸಗಿನ್ ಕೇಸ್ ಡೈರಿ ತೆರೆದರು. ಅಪರಾಧಕ್ಕೆ ಕಾರಣ ಎಂಬಲ್ಲಿ 'ಅಸೂಯೆ' ಎಂದು ಬರೆದರು. ಯಾರದು ಎಂದು ಕೇಳುವ ಕಾಲಂ ಅದರಲ್ಲಿರಲಿಲ್ಲ.