ಉಳಿದ ಹತ್ತಾಣೆ

"ಎರಡಾಣೆ!"

ಪಡಸಾಲೆಯ ಮೂಲೆಯಿಂದ ಹೆಣ್ಣುದನಿ ಬಂದದ್ದೇ ತಡ, ಕೂತವರೆಲ್ಲ ಗಕ್ಕನೆ ಹಿಂತಿರುಗಿದರು.

ಅದೂ ಯಾವ ಪಿಕ್ಚರ್‌ಗೆ? ಸಂಗಣ್ಣ ಸೊಲ್ಲಾಪುರದವರೆಗೂ ಹೋಗಿ ಬಾಡಿಗೆಗೆ ತಂದ ಪಿಕ್ಚರ್‌ಗೆ! ಗೋಡೆ ಪಕ್ಕ ನಿಂತು, ಗಂಟಲು ಕಟ್ಟಿಕೊಂಡು, ಇಂಗ್ಲಿಷ್ ಮಾತಿಗೆಲ್ಲ ಕನ್ನಡದಲ್ಲಿ ಅರ್ಥ ಹೇಳಿದ ಪಿಕ್ಚರ್‌ಗೆ! ಈಗಷ್ಟೇ ಎಲ್ಲರಿಗಿಂತ ಮೊದಲು ಎದ್ದು ತಾನೇ ಹದಿನಾರಾಣೆ ಕೊಟ್ಟ ಪಿಕ್ಚರ್‌ಗೆ!

"ಯಾರ್ರೀ ಅದು, ಎರಡಾಣೆ ಅಂದವರು?" ಸಂಗಣ್ಣನ ಕಿವಿ ಕೆಂಪಗಾಗಿದ್ದವು.

"ನಾನರಿ."

ಎದ್ದು ನಿಂತ ಹುಡುಗಿ ಬಬಲೇಶ್ವರದ ಬಸಗೊಂಡಪ್ಪನ ಮಗಳು ಸುಗಲಾ. ಪಕ್ಕದ ಮನೆಯ ಲಕ್ಕವ್ವ ಅವಳ ಸೋದರತ್ತೆ. ಅತ್ತೆಯ ಮನೆಯಲ್ಲಿದ್ದುಕೊಂಡು ಕಾಲೇಜು ಓದಲು ಬಂದು ಇನ್ನೂ ವಾರವಾಗಿರಲಿಲ್ಲ. ಸಾದಾ ಸೀರೆ, ಸೊಂಟ ಮುಟ್ಟುವ ಜಡೆ, ಎಣ್ಣೆಗಪ್ಪು ಮುಖದಲ್ಲಿ ಎರಡು ಉರಿಯುವ ಕಣ್ಣು.

"ಯಾಕಂತ ಹೇಳ್ತೀರೇನು?"

"ಹೇಳದೇನು! ಪಿಕ್ಚರ್‌ದಾಗಿನ ಆ ಸಾಹೇಬ ತುಂಬಿದ ಪಾರ್ಟ್ಯಾಗ ಆ ಹುಡುಗೀ ಮಾನ ಕಳದ, ಹೌದಿಲ್ಲೋ? ಕಡೀಕ ಸ್ಟೇಷನ್‌ದಾಗ, ಯಾರೂ ಇಲ್ಲದಾಗ, ಆಕೀ ಕಿವ್ಯಾಗ ಮಾಫಿ ಕೇಳಿದ. ನೂರು ಮಂದಿ ಮುಂದ ಹೋದ ಮಾನ ಕಿವ್ಯಾಗ ಪಿಸುಗುಟ್ಟಿದ್ರ ವಾಪಸ್ ಬರ್ತೈತೇನ್ರಿ? ಆ ಹುಚ್ಚಿನೂ ಓಡಿಹೋಗಿ ಅವನ ತೆಕ್ಕಿ ಬಿದ್ಲು! ಎರಡಾಣೆ ಕೊಟ್ಟದ್ದ ಜಾಸ್ತಿ ಆತು."

"ಲೇ ಸಂಗ್ಯಾ, ಹೋತಲೇ ನಿನ್ನ ಹಾಲಿವುಡ್!" ಗೆಳೆಯ ತುಕಾರಾಮ ತೊಡೆ ಚಪ್ಪರಿಸಿ ನಕ್ಕ.

ಎಂಥಾ ಬಾಯಿ ಇದು! ಸಂಗಣ್ಣನಿಗೆ ಮೈಯೆಲ್ಲ ಉರಿಯಿತು. ಆದರೆ ರಾತ್ರಿ ಊಟಕ್ಕೆ ಕೂತು ರೊಟ್ಟಿ ಮುರಿಯುತ್ತಿದ್ದವನಿಗೆ ಪಲ್ಯದ ನೆನಪೇ ಆಗಲಿಲ್ಲ. ಆ ಉರಿಯುವ ಕಣ್ಣು... ಛೇ!

ಇದು ಎಪ್ಪತ್ನಾಲ್ಕರ ಮಾತು. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಸಂಗಣ್ಣನ ಮನೆತನದ ಕಬ್ಬಿಣ ಸಾಮಾನಿನ ಅಂಗಡಿ, ಅದರ ಹಿಂದೆ ಮನೆ. ರವಿವಾರ ಮಧ್ಯಾಹ್ನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಧೋತರ ಹಚ್ಚಿ, ಅಮೆರಿಕದ ಹಳೇ ಕಪ್ಪುಬಿಳುಪು ಪಿಕ್ಚರ್ ನೋಡುವುದು ಆ ಮನೆಯ ಚಟ. ಪಿಕ್ಚರ್ ಬಿಡುವ ಮಶೀನು ಸಂಗಣ್ಣನದು, ಅದನ್ನು ನಡೆಸುವ ಕೈ ಅಬ್ದುಲಸಮದ ಚಾಚಾನದು. ಪಿಕ್ಚರ್ ಮುಗಿದ ಮೇಲೆ ಎಲ್ಲರೂ ಇಷ್ಟಾಣೆ, ಅಷ್ಟಾಣೆ ಅಂತ ಮಾರ್ಕು ಕೊಡಬೇಕು. ರೂಪಾಯಿಗೆ ಹದಿನಾರಾಗಿದ್ದ ಆಣೆಯ ಚಲಾವಣೆ ನಿಂತು ಎಷ್ಟೋ ವರ್ಷವಾಗಿತ್ತು. ಆದರೆ ಜನರ ಬಾಯಲ್ಲಿ ಖರೇ ಮಾತು ಇನ್ನೂ ಹದಿನಾರಾಣೆಯೇ ಆಗಿತ್ತು!

ಮುಂದಿನ ರವಿವಾರವೂ ಸುಗಲಾ ಬಂದಳು. ಅದರ ಮುಂದಿನದಕ್ಕೂ ಬಂದಳು. ಅವನು ಹನ್ನೆರಡು ಅಂದರೆ ಇವಳು ಐದು. ಇವಳು ಹದಿನಾಲ್ಕು ಅಂದರೆ ಅವನು ಮೂರು. ಜಗಳವಾಡಲಿಕ್ಕೆಂದೇ ಇಬ್ಬರೂ ಶನಿವಾರದಿಂದ ತಯಾರಾಗುತ್ತಿದ್ದರು. ಜಗಳ ಯಾವಾಗ ಪ್ರೀತಿಯಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಲಕ್ಕವ್ವನಿಗೆ ಮಾತ್ರ ಮೊದಲ ದಿನವೇ ತಿಳಿದಿತ್ತು!

"ಇಷ್ಟು ಚಲೋ ಮಶೀನ್ ಐತಿ, ಅದಕ ಎಷ್ಟಾಣೆ ಕೊಡ್ತೀರಿ?" ಒಮ್ಮೆ ಕೇಳಿದಳು ಸುಗಲಾ.

"ಈ ಡಬ್ಬಾಕ್ಕೇನು? ಮೂರಾಣೆ ಬಾಳಂಗಿಲ್ಲ."

ಮಶೀನಿನ ಪಕ್ಕೆಯಲ್ಲಿ ಅವನ ತಾಯಿ ಗೌರಾಬಾಯಿ ಹಚ್ಚಿದ ಕಾಡಿಗೆಯ ಬೊಟ್ಟು ಇತ್ತು. ತಮ್ಮದನ್ನು ತಾವು ಹೊಗಳಬಾರದು, ನಾಲ್ಕು ಮಂದಿಯ ಮುಂದೆ ಹಳಿಯಬೇಕು, ಇಲ್ಲದಿದ್ದರೆ ದೃಷ್ಟಿ ತಾಗುತ್ತದೆ ಎನ್ನುವುದು ಆ ತಾಯಿ ಮಗನಿಗೆ ಹಾಲಿನ ಜೊತೆ ಕುಡಿಸಿದ ಪಾಠ. ಸುಗಲಾ ಆ ಬೊಟ್ಟು ನೋಡಿ ನಕ್ಕಿದ್ದಳು. ಪಾಪ, ನಗಬಾರದಿತ್ತು.

ಕೊನೆಗೆ ದೊಡ್ಡವರೇ ಮಾತೆತ್ತಿದರು. ಲಕ್ಕವ್ವನ ಮನೆಯಲ್ಲಿ ಕನ್ಯಾ ನೋಡುವ ಶಾಸ್ತ್ರ. ಬಬಲೇಶ್ವರದಿಂದ ಬಸಗೊಂಡಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಸಂಗಣ್ಣನ ಕಡೆಯಿಂದ ಗೌರಾಬಾಯಿ, ನಾಲ್ಕಾರು ಹಿರಿಯರು, ಜೊತೆಗೆ ಗೆಳೆಯರ ದಂಡು.

ಸುಗಲಾ ಇಳಕಲ್ ಸೀರೆಯುಟ್ಟು ಮಣೆಯ ಮೇಲೆ ಕೂತಳು. ಕೈ ನೋಡಿದರು, ಕಾಲು ನೋಡಿದರು, ನಡೆಸಿ ನೋಡಿದರು.

'ನೋಡಲಿ. ಅವರು ನನ್ನವರಾಗ್ತಾರ. ಇದೆಲ್ಲಾ ಒಂದು ತಾಸು...' ಅವಳ ತುಟಿಯಲ್ಲಿ ಕಂಡೂ ಕಾಣದ ನಗೆ.

ಅಷ್ಟರಲ್ಲಿ ತುಕಾರಾಮ ಬಾಯಿ ಬಿಟ್ಟ. "ಸಂಗ್ಯಾ, ಪಿಕ್ಚರ್ ನೋಡಿದ್ಯಲ್ಲ? ಹೇಳು ಮತ್ತ, ಎಷ್ಟಾಣೆ?"

ಎಲ್ಲರೂ ನಕ್ಕರು. ಸುಗಲಾ ತಲೆಯೆತ್ತಿ ಅವನನ್ನು ನೋಡಿದಳು. ಹದಿನಾರಾಣೆ ಬೇಕಿರಲಿಲ್ಲ ಅವಳಿಗೆ. ಸುಮ್ಮನಿದ್ದರೂ ಸಾಕಿತ್ತು...

"ಆರಾಣೆ," ಅಂದ ಸಂಗಣ್ಣ.

ಹೋ ಎಂದು ಪಡಸಾಲೆ ನಗೆಯಿಂದ ತುಂಬಿತು. ಗೌರಾಬಾಯಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಚಹಾದ ಬಶಿ ತುಟಿಗೆ ಹಚ್ಚಿದ್ದ ಬಸಗೊಂಡಪ್ಪ ಅದನ್ನು ಹಾಗೆಯೇ ಕೆಳಗಿಟ್ಟ. ಅಪ್ಪ ಕುಡಿಯದೆ ಇಟ್ಟ ಆ ಬಶಿಯನ್ನು ಸುಗಲಾ ನೋಡಿದಳು. ಅವತ್ತಿನಿಂದ ಅವಳ ಕಣ್ಣಿಗೆ ಕಟ್ಟಿದ್ದು ಅದೊಂದೇ.

"ಆರಾಣೆ ಮಾಲು ನಿಮ್ಮಂಥಾ ದೊಡ್ಡವರ ಮನಿಗಿ ಯಾಕ ಬಿಡ್ರಿ," ಎಂದು ಬಸಗೊಂಡಪ್ಪ ಎದ್ದ. "ನಡಿ ಮಗಳ."

"ಮಾವಾರ, ನಾ ಅಂದದ್ದು ಹಂಗಲ್ಲರಿ..." ಸಂಗಣ್ಣ ತೊದಲಿದ.

"ಹುಡುಗರ ಚಾಷ್ಟಿಗಿ ಎದ್ದು ಹೋಗೂದಂದ್ರ!" ಗೌರಾಬಾಯಿಗೆ ಸಿಟ್ಟು ನೆತ್ತಿಗೇರಿತು. "ಇಷ್ಟು ಸೊಕ್ಕಿದ್ದವರ ಮನಿ ಹೆಣ್ಣು ನಮಗೂ ಬ್ಯಾಡ. ಬಾರೋ ಸಂಗಣ್ಣ!"

ಸಂಗಣ್ಣ ಹೋದ. ಹೌದು, ತಾಯಿಯ ಹಿಂದೆ ಬಾಲ ಮುದುರಿಕೊಂಡು ಹೋದ!

ಕೆಟ್ಟ ಮಾತಿಗೆ ಬಸ್ಸು ಬೇಕಿಲ್ಲ. ಅಪ್ಪ ಮಗಳು ಬಬಲೇಶ್ವರದಲ್ಲಿ ಇಳಿಯುವ ಹೊತ್ತಿಗೆ ಆ ಮಾತು ಅವರಿಗಿಂತ ಮೊದಲೇ ಇಳಿದಿತ್ತು. ಬಾವಿಗೆ ಹೋದರೆ, "ಆರಾಣೆ ಬಂತ್ರೋ!" ಗಿರಣಿಗೆ ಹೋದರೆ, "ಆರಾಣೆಗೆ ಎಷ್ಟು ಜ್ವಾಳ ಬರ್ತಾವ?" ಬಸಗೊಂಡಪ್ಪ ಮಗಳ ಕಾಲೇಜು ಬಿಡಿಸಿದ. ರುಮಾಲನ್ನು ಗೂಟಕ್ಕೆ ಸಿಕ್ಕಿಸಿದವನು ಮತ್ತೆ ತಲೆಗೆ ಸುತ್ತಲಿಲ್ಲ. ಬರಿದಲೆಯಲ್ಲೇ ಹೊಲಕ್ಕೆ ಹೋಗುತ್ತಿದ್ದ ಅಪ್ಪನನ್ನು ನೋಡಿದಾಗಲೆಲ್ಲ ಸುಗಲಾಳಿಗೆ ಸತ್ತುಹೋಗಬೇಕು ಅನ್ನಿಸುತ್ತಿತ್ತು.

ಹೊನವಾಡದಿಂದ ಒಂದು ಕಡೆಯವರು ಬಂದರು. ವರನ ತಾಯಿ ಉಪ್ಪಿಟ್ಟು ತಿಂದು, ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ಅಂದಳು: "ವಿಜಾಪುರದಾಗ ಆರಾಣೆ ಆಗಿತ್ತಂತಲ್ಲ, ಹೆಂಗದಾಳೋ ನೋಡೂಣಂತ ಬಂದ್ವಿ." ನೋಡಿದ್ದಾಯಿತು, ಹೋದರು.

ಕಡೆಗೆ ಒಪ್ಪಿದವನು ಮಮದಾಪುರದ ಎರಡನೇ ಸಂಬಂಧದವನು. ಮೊದಲ ಹೆಂಡತಿ ತೀರಿಕೊಂಡಿದ್ದಳು, ಎದೆಯೆತ್ತರ ಬೆಳೆದ ಮಕ್ಕಳಿದ್ದರು. "ರೊಟ್ಟಿ ಬಡ್ಯಾಕ ಬಂದ್ರ ಸಾಕ್ರಿ. ಆಣೆ ತುಗೊಂಡು ನಾ ಏನ್ ಮಾಡ್ಲಿ?" ಎಂದು ಉದಾರಿಯಂತೆ ನಕ್ಕ. ಬಸಗೊಂಡಪ್ಪ ನೆಲ ನೋಡುತ್ತ ಹೂಂಗುಟ್ಟಿದ. ಬರುವ ಸೋಮವಾರ ವೀಳ್ಯ ಕೊಟ್ಟು ಮದುವೆ ನಿಶ್ಚಯ ಮಾಡುವುದೆಂದಾಯಿತು.

'ಆಗಲಿ. ಅಪ್ಪ ತಲಿ ಎತ್ತಿ ನಡದ್ರ ಸಾಕು. ನನ್ನ ಬಾಳೇ ಏನಾದ್ರೂ ಆಗಲಿ...' ಸುಗಲಾ ಅತ್ತೂ ಅತ್ತೂ ಕಣ್ಣೀರು ಬತ್ತಿಸಿಕೊಂಡಳು.

ಇಷ್ಟು ದಿನ ಎಲ್ಲಿದ್ದ ನಮ್ಮ ಸಂಗಣ್ಣ? ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮನೆಯಲ್ಲಿದ್ದ, ಅಂಜುಬುರುಕ! ವೀಳ್ಯದ ಸುದ್ದಿ ಕೇಳಿ ಲಕ್ಕವ್ವ ಅವನ ಅಂಗಡಿಗೇ ಬಂದು, ಗಿರಾಕಿಗಳ ಮುಂದೆ ಮಂಗಳಾರತಿ ಎತ್ತಿದ ಮೇಲೆ ಬಬಲೇಶ್ವರದ ಬಸ್ಸು ಹತ್ತಿದ.

ಸುಗಲಾ ಹಿತ್ತಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನೆರಳು ಬಿದ್ದದ್ದನ್ನು ನೋಡಿ ತಲೆಯೆತ್ತಿದಳು. ಮೊರ ಕೈಯಲ್ಲೇ ನಿಂತಿತು.

"ಸುಗಲಾ... ನನ್ನ ಮಾತು ಒಂದೀಟು ಕೇಳು."

"ಆರಾಣೆಗೆ ಎಷ್ಟು ಮಾತು ಬರ್ತಾವ್ರಿ?"

"ನೀ ನನ್ನಾಕೀ ಆದಿ ಅಂತ ಅವತ್ತ ಮನಸಿನ್ಯಾಗ ಅನಕೊಂಡಿದ್ದೆ. ನಮ್ಮದನ್ನ ನಾಲ್ಕು ಮಂದಿ ಮುಂದ ಹೊಗಳಿದ್ರ ದಿಷ್ಟಿ ಆಗ್ತೈತಿ ಅಂತ... ಆ ಮಶೀನಿಗೂ ನಾ ಹಂಗ ಅಂತೀನಿ, ನಿನಗ ಗೊತ್ತೈತಿ. ಅದಕ ಕಡಿಮಿ ಹೇಳಿದೆ. ದೇವರಾಣಿ!"

ಸುಗಲಾ ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಾಯಿತು. ಹಾಗಾಗಿ ಇನ್ನೂ ಹೆಚ್ಚು ನೋವಾಯಿತು.

"ಮಶೀನಿಗೆ ಅಪ್ಪ ಇರೂದಿಲ್ಲರಿ. ನನಗ ಅದಾನ. ನೀವು ಇಟ್ಟ ಬೊಟ್ಟು ನನ್ನ ಗಲ್ಲಕ್ಕ ಬೀಳಲಿಲ್ಲ, ನಮ್ಮಪ್ಪನ ರುಮಾಲಿಗೆ ಬಿತ್ತು."

ಸಂಗಣ್ಣ ಅವಳ ಮುಂದೆ ನೆಲದ ಮೇಲೆ ಕೂತ. "ತಪ್ಪಾತು... ಮಾಫಿ ಮಾಡು. ನಿನ್ನ ಕಾಲು ಬೀಳ್ತೀನಿ."

"ಹಿತ್ತಲದಾಗ, ಯಾರೂ ಇಲ್ಲದಾಗ?" ಅವಳ ಕಣ್ಣು ಮತ್ತೆ ಉರಿದವು. "ನಾ ಎರಡಾಣೆ ಕೊಟ್ಟದ್ದು ಮರ್ತೀರೇನು? ಅವತ್ತ ಯಾರ್ಯಾರು ನಕ್ಕಿದ್ರು, ಅಷ್ಟೂ ಮಂದೀನ ಕರ್ಕೊಂಡು ರವಿವಾರ ಬರ್ರಿ. ಮಶೀನ್ ತರ್ರಿ. ಊರ ಮಂದೀನ ನಾ ಕರೀತೀನಿ. ಬರಾಕ ಆಗಲಿಲ್ಲಂದ್ರ ಸೋಮವಾರ ನನ್ನ ವೀಳ್ಯ ಐತಿ, ಉಂಡು ಹೋಗಾಕ ಬರ್ರಿ."

ರವಿವಾರ ಬಂದ! ಗೊಣಗುತ್ತ ಗೌರಾಬಾಯಿ ಬಂದಳು, ಹಲ್ಲು ಕಿರಿಯುತ್ತ ತುಕಾರಾಮ ಬಂದ. ಬಸಗೊಂಡಪ್ಪನ ಪಡಸಾಲೆ ಊರಿನ ಹೆಂಗಸರಿಂದ ಗಿಜಿಗುಟ್ಟಿತು. ಬಾಗಿಲಿಗೆ ಕಂಬಳಿ, ಗೋಡೆಗೆ ಧೋತರ. ಬಸಗೊಂಡಪ್ಪ ಗೂಟದ ಕೆಳಗೆ ಬರಿದಲೆಯಲ್ಲಿ ಕೂತಿದ್ದ.

"ರೀಲ್ ಹಾಕಲೇನವಾ?" ಕೇಳಿದ ಅಬ್ದುಲಸಮದ.

"ಬ್ಯಾಡ್ರಿ ಚಾಚಾ. ಬರೇ ಬೆಳಕು ಬಿಡ್ರಿ," ಅಂದಳು ಸುಗಲಾ. "ಸಂಗಣ್ಣನವರ, ಅದರ ಮುಂದ ನಿಂದರ್ರಿ. ಇವತ್ತ ಇದ ಪಿಕ್ಚರ್."

ಮಶೀನು ಗುರ್ ಎಂದಿತು. ಬಿಳಿ ಬೆಳಕಿನಲ್ಲಿ ಸಂಗಣ್ಣ ಕಣ್ಣು ಕಿರಿದು ಮಾಡಿ ನಿಂತ. ಕತ್ತಲಲ್ಲಿ ಕೂತವರ ಮುಖ ಅವನಿಗೆ ಕಾಣುತ್ತಿರಲಿಲ್ಲ, ನಗೆ ಮಾತ್ರ ಕೇಳುತ್ತಿತ್ತು.

"ನಡದು ತೋರ್ಸಪಾ, ಕುಂಟ ಅದಿಯೋ ಏನೋ," ಅಂದಳು ನೆರೆಮನೆಯ ಸಾವಂತ್ರವ್ವ.

ನಡೆದ.

"ಹಲ್ಲು ತೋರ್ಸು. ಇಷ್ಟ ಏನು? ಪೂರಾ ತೋರ್ಸು!"

ತೋರಿಸಿದ.

"ಮೂಗು ತುಸು ಸೊಟ್ಟ ಐತಿ ಬಿಡ್ರೆವಾ. ರೊಟ್ಟಿ ಬಡ್ಯಾಕ ಬರ್ತೈತೇನು? ಬರೂದಿಲ್ಲಾ? ಮತ್ತೇನು ಕಲಿಸ್ಯಾಳ ನಿಮ್ಮವ್ವ?"

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಸಂಗಣ್ಣನ ಅಂಗಿ ಬೆವರಿಗೆ ತೊಯ್ದು ಬೆನ್ನಿಗಂಟಿತು. ಸುಗಲಾಳಿಗೆ ಸಾಕು ಎನ್ನಬೇಕೆನಿಸಿತು... ಆದರೆ ಅಪ್ಪನ ಬರಿದಲೆ ನೋಡಿ ತುಟಿ ಕಚ್ಚಿ ಹಿಡಿದಳು.

ಗೌರಾಬಾಯಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಚೀರಿದಳು. "ಸಾಕ್ ಮಾಡ್ರಿ! ನನ್ನ ಮಗ ಏನು ಸಂತ್ಯಾಗಿನ ಎತ್ತಾ?"

ನಗೆ ನಿಂತಿತು.

"ನಾನೂ ಅಲ್ಲರಿ, ಅತ್ತಿಯವರ," ಅಂದಳು ಸುಗಲಾ.

ಗೌರಾಬಾಯಿ ಸೆರಗು ಮುಖಕ್ಕೆಳೆದುಕೊಂಡು ಮೆಲ್ಲಗೆ ಕೂತಳು.

ಆಗ ಸಂಗಣ್ಣ ಯಾರೂ ಕೇಳದೆಯೇ ಬಾಯಿಬಿಟ್ಟ. "ಬಸಗೊಂಡಪ್ಪನವರ... ದಿಷ್ಟಿ ಆಗ್ತೈತಿ ಅಂತ ಹಂಗ ಅಂದೆ ಅಂತ ನಿಮ್ಮ ಮಗಳಿಗೆ ಹೇಳೇನಿ. ಅದು ಅರ್ಧ ಖರೇ. ಇನ್ನರ್ಧ, ಗೆಳ್ಯಾರ ಮುಂದ ಮೆತ್ತಗಾಗಾಕ ನನಗ ನಾಚಿಕಿ ಬಂತು. ಒಂದು ನಗಿ ಸಲುವಾಗಿ ನಿಮ್ಮ ಮಾನ ತಗದೆ. ಇಲ್ಲಿ ಇದ್ದವರೆಲ್ಲಾ ಕೇಳ್ರಿ... ಸುಗಲಾ ಅಂದ್ರ ನನ್ನ ಜೀವ! ತಪ್ಪು ನಂದು. ಹದಿನಾರಾಣೆ ನಂದ!"

ಮಾತು ಮುಗಿಯುವ ಹೊತ್ತಿಗೆ ಅವನು ಅಳುತ್ತಿದ್ದ. ಅಷ್ಟು ಬೆಳಕಿನಲ್ಲಿ ಮರೆಮಾಚುವುದಾದರೂ ಹೇಗೆ?

"ಎಷ್ಟಾಣೆ, ಮಗಳ?" ಕೇಳಿದವನು ಬಸಗೊಂಡಪ್ಪ.

ಸುಗಲಾ ಬೆಳಕಿನಲ್ಲಿ ನಿಂತವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆರಾಣೆ, ಅಪ್ಪಾ."

ಈ ಸಲ ಯಾರೂ ನಗಲಿಲ್ಲ. ತುಕಾರಾಮ ಕೂಡ ನೆಲ ನೋಡುತ್ತಿದ್ದ.

ಬಸಗೊಂಡಪ್ಪ ಎದ್ದ. ಗೂಟದಲ್ಲಿದ್ದ ರುಮಾಲು ತೆಗೆದು, ಧೂಳು ಜಾಡಿಸಿ, ಸುತ್ತು ಸುತ್ತಾಗಿ ತಲೆಗೆ ಸುತ್ತಿಕೊಂಡ. ಮಗಳ ಮುಖ ನೋಡಿದ. ಅಲ್ಲಿ ಎಲ್ಲವೂ ಕಂಡಿತು ಆ ತಂದೆಗೆ. "ಮಮದಾಪುರದವರಿಗೆ ಸೋಮವಾರ ಬರಬ್ಯಾಡ್ರಿ ಅಂತ ಹೇಳಿ ಕಳಸ್ತೀನಿ," ಎಂದ. "ಅಬ್ದುಲಸಮದಣ್ಣ, ಹಾಕ್ರಿ ಇನ್ನ ನಿಮ್ಮ ರೀಲ್. ಮಂದಿ ಕುಂತೈತಿ."

ಧೋತರದ ಮೇಲೆ ಯಾವುದೋ ದೇಶದ ಕುದುರೆಗಳು ಓಡತೊಡಗಿದವು. ಇವತ್ತು ಅರ್ಥ ಹೇಳುವವರು ಯಾರೂ ಇರಲಿಲ್ಲ. ಅರ್ಥ ಹೇಳುವವನು ಕತ್ತಲಲ್ಲಿ ತಡವರಿಸುತ್ತ ಬಂದು, ಸುಗಲಾಳಿಂದ ಒಂದು ಮೊಳ ದೂರದಲ್ಲಿ ಕೂತಿದ್ದ.

"ಆರಾಣೆ ಅಂದ್ರ..." ಕಣ್ಣೊರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ. "ದಿಷ್ಟಿ ಆಗಬಾರದಂತೇನು?"

"ಇಲ್ಲರಿ. ಆರಾಣೆ ಅಂದ್ರ ಆರಾಣೆನ."

ಅವನು ತಲೆ ತಗ್ಗಿಸಿದ. "ಉಳಿದ ಹತ್ತಾಣೆ?"

ಸುಗಲಾ ಧೋತರದ ಮೇಲಿನ ಕಣ್ಣು ತೆಗೆಯಲಿಲ್ಲ. ಅವಳ ಕೈ ಮಾತ್ರ ಕತ್ತಲಲ್ಲಿ ಆ ಒಂದು ಮೊಳ ದಾಟಿ ಬಂದು ಅವನ ಕೈಯ ಮೇಲೆ ಕೂತಿತು.

"ನನ್ನ ಜೋಡಿ ಬಾಳೇ ಮಾಡಿ ಗಳಸ್ರಿ. ಪಿಕ್ಚರ್ ಮುಗಿಯೂತನ ನಾ ಏನ್ ಎದ್ದು ಹೋಗೂದಿಲ್ಲ."